ಹೊಳೆಯದ ಕಣಗಳು

ಗಡ್ಡೆ ಮೊದಲು ಕೈಗೆ ಸಿಕ್ಕಿದ್ದು ಗಡ್ಡ ಹೆರೆಯುವಾಗ. ಎಡಗಿವಿಯ ಕೆಳಗೆ, ಹುಣಸೆಬೀಜದಷ್ಟು. ನೋವಿರಲಿಲ್ಲ. ಎಷ್ಟು ದಿನದಿಂದ ಇದೆ ಎಂದು ಕೋಲಾರದ ಡಾಕ್ಟರು ಕೇಳಿದರು. ಒಂದು ವಾರ ಎಂದೆ. ಮಾವು ಹೂ ಬಿಟ್ಟಾಗಲೇ ಕಂಡಿದ್ದೆ ಎಂದಳು ಹೆಂಡತಿ ಸರೋಜ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು, ಯಾವುದನ್ನೂ ಸುಲಭಕ್ಕೆ ಒಪ್ಪದವನು. ನನ್ನ ಕತ್ತಿನ ವಿಷಯವೇ ನನಗೆ ಖಚಿತವಿರಲಿಲ್ಲ.

ರಕ್ತದಲ್ಲಿ ಲಿಂಫೋಸೈಟು ಎಂಬ ಬಿಳಿ ಕಣಗಳು ವಿಪರೀತ ಹೆಚ್ಚಿದ್ದವು.

ಬ್ಲಡ್ ಕ್ಯಾನ್ಸರ್.

ಮುಂದಿನದನ್ನು ಡಾಕ್ಟರು ಬಿಡಿಸಿ ಹೇಳಿದರು. ಈ ಬಿಳಿ ಕಣಗಳಲ್ಲಿ ಟಿ, ಬಿ ಎಂದು ಎರಡು ಜಾತಿ. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಟಿ ಕಣದ ಮೈಮೇಲೆ ಮಾತ್ರ ಕೊಂಡಿಯಂಥ ಒಂದು ರಿಸೆಪ್ಟರ್ ಇರುತ್ತದೆ. ಅದನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಬೆಂಗಳೂರಿನ ಲ್ಯಾಬೊಂದಕ್ಕೆ ವಿದೇಶದಿಂದ ಬಂದಿದೆ. ಅದು ಅಂಟಿದ ಕಣ ಹಸಿರಾಗಿ ಹೊಳೆಯುತ್ತದೆ. ಹೆಚ್ಚಿದ ಕಣಗಳು ಹೊಳೆದರೆ ರೋಗ ವೇಗದ್ದು. ಹೊಳೆಯದಿದ್ದರೆ ಬಹುಶಃ ನಿಧಾನದ್ದು.

ಜ್ವರದಲ್ಲಿ ನಾನು ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಕೋಲಾರದಲ್ಲೇ ರಕ್ತ ತೆಗೆದು ಸರೋಜಳ ತಮ್ಮ ಮುನಿರಾಜುವಿನ ಕೈಗೆ ಕೊಟ್ಟರು. "ಬೇಗ ತಲುಪಿಸಿ, ಬಿಸಿಲು ತಾಗಬಾರದು" ಎಂದರು. ಮುನಿರಾಜು ಸುಗಟೂರಿನಲ್ಲಿ ರೇಷ್ಮೆ ಬೆಳೆಯುವವನು. ಹುಳದ ಮೊಟ್ಟೆ ತರುವಾಗ ಒದ್ದೆ ಬಟ್ಟೆ ಸುತ್ತಿ ತಂಪಾಗಿಡುವುದು ಅಲ್ಲಿನವರ ರೂಢಿ. ಮೊಟ್ಟೆಗೇ ಅಷ್ಟು ಮಾಡುವಾಗ ಭಾವನ ರಕ್ತಕ್ಕೆ ಒದ್ದೆ ಬಟ್ಟೆ ಸಾಕೆ? ಸೋಡಾ ಅಂಗಡಿಯಿಂದ ಐಸ್ ತಂದು, ಟಿಫನ್ ಕ್ಯಾರಿಯರಿಗೆ ತುಂಬಿ, ಸೀಸೆಯನ್ನು ಅದರಲ್ಲಿ ಹೂತಿಟ್ಟು ಒಯ್ದ.

ಐಸಿನ ಚಳಿಗೆ ಕಣಗಳು ಹಾಳಾಗಿದ್ದವು. ಸತ್ತ ಕಣಕ್ಕೆ ಆಂಟಿಬಾಡಿ ಎಲ್ಲೆಂದರಲ್ಲಿ ಅಂಟುತ್ತದಂತೆ. ಎಲ್ಲವೂ ಹೊಳೆದಿವೆ, ಆದರೆ ಇದನ್ನು ನಂಬುವಂತಿಲ್ಲ ಎಂದು ಲ್ಯಾಬಿನವರು ಹೇಳಿಕಳಿಸಿದರು.

"ತಣ್ಣಗಿದ್ರೆ ಒಳ್ಳೇದು ಅಂದ್ಕೊಂಡೆ ಭಾವ" ಎಂದ ಮುನಿರಾಜು.

"ನಿಮ್ಮ ಭಾವನ್ನ ಹುಳದ ಮೊಟ್ಟೆ ಅಂದ್ಕೊಂಡ್ಯೇನ್ಲಾ?" ಎಂದು ಸರೋಜ ರೇಗಿದಳು.

"ಮೊಟ್ಟೆ ಆಗಿದ್ರೆ ಸುಮ್ನೆ ಬಿದ್ದಿರ್ತಿತ್ತು ಕಣಕ್ಕ. ಇವರು ಒಂದ್ ಗಳಿಗೆ ನಿಂತ್ಕಡೆ ನಿಲ್ಲಲ್ಲ."

ಐಸ್ ಬೇಡವೆಂದು ಡಾಕ್ಟರು ಹೇಳಿದ್ದರೇ? ನಾನೂ ಅಲ್ಲೇ ಇದ್ದೆ. ಹೇಳಿದ ಹಾಗೂ ನೆನಪು, ಹೇಳದ ಹಾಗೂ ನೆನಪು. ಎಲ್ಲವೂ ಹೊಳೆದಿವೆ ಎಂಬುದು ಮಾತ್ರ ತಲೆಯಿಂದ ಹೋಗಲಿಲ್ಲ. ನಂಬಬಾರದ ಫಲಿತಾಂಶವನ್ನು ನಂಬಿಕೊಂಡು ಜಗಲಿಯಿಂದ ಬೀದಿಗೆ, ಬೀದಿಯಿಂದ ಜಗಲಿಗೆ ಅಲೆದೆ.

ಜ್ವರ ಇಳಿದ ಮೇಲೆ ನಾನೇ ಬೆಂಗಳೂರಿಗೆ ಹೋದೆ. ರಕ್ತವನ್ನು ಲ್ಯಾಬಿನಲ್ಲೇ ತೆಗೆದರು. ಆಂಟಿಬಾಡಿ ಇನ್ನೊಂದು ಪರೀಕ್ಷೆಗೆ ಆಗುವಷ್ಟು ಉಳಿದಿತ್ತು.

ಕೆಲವೇ ಕಣಗಳು ಹೊಳೆದವು.

ಉಳಿದ ದೊಡ್ಡ ರಾಶಿ ಕಪ್ಪಗೇ ಇತ್ತು. ಟಿ ಅಲ್ಲ. "ಸದ್ಯ ಔಷಧಿ ಬೇಡ, ಆಗಾಗ ಬಂದು ತೋರಿಸಿ" ಎಂದರು ಡಾಕ್ಟರು. ರೋಗವಿದೆ, ಔಷಧಿಯಿಲ್ಲ. ಇದಕ್ಕೆ ಸಮಾಧಾನಪಡುವುದು ಹೇಗೆಂದು ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಕೈ ಕತ್ತು ಬಿಡದಾಯಿತು. ನಿನ್ನೆಗಿಂತ ದೊಡ್ಡದಾಯಿತೇ ಎಂದು ಒತ್ತಿ ನೋಡುವುದು. ನಿನ್ನೆ ಎಷ್ಟಿತ್ತೆಂದು ನೆನಪಾಗದೆ ಮತ್ತೆ ಒತ್ತುವುದು.

"ಕೈ ತೆಗೀರಿ. ಒತ್ತಿ ಒತ್ತಿ ನೀವೇ ಬೆಳೆಸ್ತೀರ" ಎಂದಳು ಸರೋಜ.

ಈಗ ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ಅವಳೇ ಬೆರಳಿಟ್ಟು ನೋಡುತ್ತಾಳೆ. "ಅಷ್ಟೇ ಇದೆ" ಎನ್ನುತ್ತಾಳೆ. ನಿಜವೋ, ನನ್ನ ಮುಖ ನೋಡಿ ಹೇಳುವುದೋ, ಕೇಳಿಲ್ಲ. ಮುಂದಿನ ಭಾನುವಾರದವರೆಗೆ ಅದು ಸಾಕು ಎಂದುಕೊಂಡು ಬಿಸಿನೀರಿಗೆ ತಲೆ ಕೊಡುತ್ತೇನೆ.