ಹನ್ನೆರಡು ಸುತ್ತಿನ ಬೀಗತನ

ಖರ್ಚು ಮೊದಲು ಹೇಳಿಬಿಡುತ್ತೇನೆ. ಒಂದು ಸಾಗವಾನಿ ಬಾಗಿಲು, ಹಿತ್ತಾಳೆಯ ಚಿಲಕ ಸಮೇತ. ಬೆಳಗಾವಿಯ ಟಿಳಕವಾಡಿಯಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುವಾಗ ನಾನೇ ಮುಂದೆ ನಿಂತು ಬಿಚ್ಚಿಸಿ ತಂದ ಬಾಗಿಲು. ಗೋವಾ ಕಡೆಯ ಹೋಟೆಲಿನವರು ಬಂದು ಬಂದು ಕೇಳಿದರೂ ದರ ಇನ್ನೂ ಏರಲಿ ಎಂದು ಕೊಟ್ಟಿರಲಿಲ್ಲ. ಅದನ್ನು ಒಂದು ಪೈಸೆ ಇಲ್ಲದೆ ಖಾನಾಪುರಕ್ಕೆ ಕಳಿಸಿದೆ. ಟೆಂಪೋ ಬಾಡಿಗೆಯೂ ನನ್ನದೇ. ಕಾರಣ ಇಷ್ಟೇ: ಎಂದೂ ಎದುರುಬದುರಾಗದ, ಇನ್ನು ಮುಂದೆ ಆಗುವ ಆಸೆಯೂ ಇಲ್ಲದ ಇಬ್ಬರು ಬಾಕ್ಸರುಗಳು ಒಂದು ವೇಳೆ ಎದುರಾಗಿದ್ದರೆ ಗೆಲ್ಲುವವರು ಯಾರು ಎಂಬ ಮಾತು.

ನನ್ನ ಕಸುಬು ಹಳೆಯ ಮನೆಗಳ ಕಟ್ಟಿಗೆ. ಮನೆ ಕೆಡವುವವರಿಂದ ಬಾಗಿಲು, ಕಿಟಕಿ, ತೊಲೆ, ಕಂಬ ಕೊಳ್ಳುತ್ತೇನೆ. ಮನೆ ಕಟ್ಟುವವರಿಗೆ ಮಾರುತ್ತೇನೆ. ಕೊಳ್ಳುವಾಗ ಅದು ಉರುವಲು, ಮಾರುವಾಗ ಅದು ಆಂಟಿಕ್. ಪೀರನವಾಡಿಯಲ್ಲಿ ಖಾನಾಪುರ ರಸ್ತೆಗೆ ಹತ್ತಿಕೊಂಡೇ ನನ್ನ ಜಾಗವಿದೆ. ಶುರು ಮಾಡಿದ್ದು ಇನ್ನೊಬ್ಬರ ತೊಲೆ ಹೊತ್ತು. ಆ ಹೊರುವ ದಿನಗಳಲ್ಲೇ ಟಿಳಕವಾಡಿಯ ಟಿವಿ ರಿಪೇರಿ ಅಂಗಡಿಯ ಮುಂದೆ ನಿಂತು ಮೊದಲ ಸಲ ಬಾಕ್ಸಿಂಗ್ ನೋಡಿದೆ. ಗಿಡ್ಡ ಆಳು, ಕುತ್ತಿಗೆ ಎಂಬುದೇ ಇಲ್ಲ, ಬಾಯಲ್ಲಿ ಒಂದು ಮಾತಿಲ್ಲ. ಗಂಟೆ ಹೊಡೆಯಿತು, ಮುಂದೆ ಹೋದ, ಎದುರಿನವನನ್ನು ಮಲಗಿಸಿದ, ತಿರುಗಿ ತನ್ನ ಮೂಲೆಗೆ ಬಂದ. ನನ್ನ ಕೈಯಲ್ಲಿದ್ದ ಚಹಾ ಇನ್ನೂ ಬಿಸಿ ಇತ್ತು. ಕೆಲಸ ಎಂದರೆ ಹೀಗಿರಬೇಕು ಎಂದುಕೊಂಡೆ. ಅಂದಿನಿಂದ ನಾನು ಅವನ ಕಡೆ.

ಅವನ ಹೆಸರಾಗಲಿ, ಆ ಇನ್ನೊಬ್ಬ ಬಾಕ್ಸರಿನ ಹೆಸರಾಗಲಿ ಹೇಳುವುದಿಲ್ಲ. ಇಬ್ಬರಿಗೂ ಬೆಳಗಾವಿಯಲ್ಲಿ ಭಕ್ತರಿದ್ದಾರೆ, ನನ್ನ ಅಂಗಡಿಯಲ್ಲಿ ಗಾಜಿನ ಸಾಮಾನಿದೆ.

ಮಗಳು ಕಾಲೇಜೊಂದರಲ್ಲಿ ಕಲಿಸುತ್ತಾಳೆ. ಜೊತೆಗೆ ಕಲಿಸುವ ಖಾನಾಪುರದ ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು. ಹುಡುಗ ಒಳ್ಳೆಯವನು, ನಮ್ಮ ಮನೆಯವರಿಗೂ ಒಪ್ಪಿಗೆ. ಉಳಿದದ್ದು ಅವರ ಮನೆ ನೋಡಿ ಮಾತು ಮುಗಿಸುವುದು. ಮನೆ ನೋಡಲು ಹುಡುಗಿ ಹೋಗುವ ರೂಢಿ ನಮ್ಮಲ್ಲಿಲ್ಲ. ಅಲ್ಲಿ ಬಾಳುವವಳು ನಾನು, ನೋಡಿ ಬರುವವರು ನೀವಾ, ಎಂದು ಅವಳೂ ಕಾರು ಹತ್ತಿದಳು.

"ಪಪ್ಪಾ, ಅಲ್ಲಿ ಯಾವದರ ಮ್ಯಾಲೂ ರೇಟ್ ಕಟ್ಟಬ್ಯಾಡ. ಮನಿ ನೋಡಾಕ ಹೊಂಟೇವಿ, ಮನಿ ಬಿಚ್ಚಾಕ ಅಲ್ಲ," ಎಂದಳು.

"ನಿಮ್ಮಪ್ಪಗ ಹೇಳೂದಕ್ಕಿಂತ ಗಾಡಿಗೆ ಹೇಳು," ಎಂದಳು ನನ್ನ ಹೆಂಡತಿ. "ಅದಕ್ಕ ಬ್ರೇಕಾದ್ರೂ ಅದಾವು."

ಖಾನಾಪುರದ ಮನೆ ಹಂಚಿನದು, ಮುಂದೆ ಅಗಲವಾದ ಪಡಸಾಲೆ. ಒಳಗೆ ಕಾಲಿಡುವಾಗ ಅಭ್ಯಾಸಬಲದಿಂದ ಮುಂಬಾಗಿಲನ್ನು ಬೆರಳಗೆಣ್ಣಿನಿಂದ ಬಾರಿಸಿದೆ. ಬದುಕಿರುವ ಕಟ್ಟಿಗೆ ಟಣ್ ಎನ್ನುತ್ತದೆ. ಇದು ಹಪ್ಪಳದ ಡಬ್ಬಿಯ ಹಾಗೆ ಮಾತಾಡಿತು. ಹೊರಗೆ ಬಣ್ಣ, ಒಳಗೆಲ್ಲ ಗೆದ್ದಲು. ಮಗಳು ನನ್ನ ಕೈ ನೋಡಿ ಕಣ್ಣು ಬಿಟ್ಟಳು. ಕೈ ಜೇಬಿಗೆ ಹಾಕಿಕೊಂಡೆ.

ಹುಡುಗನ ತಂದೆ ನಿವೃತ್ತ ಪಿ.ಟಿ. ಮಾಸ್ತರರು. ವಯಸ್ಸಾದರೂ ಹಿಮ್ಮಡಿ ನೆಲಕ್ಕೆ ತಾಗಿಸದೆ ನಡೆಯುವ ಮನುಷ್ಯ. ಅವರ ತಾಯಿ, ಎತ್ತಿನ ವ್ಯಾಪಾರಿಯ ಹೆಂಡತಿಯಾಗಿ ಬಾಳಿದ ಅಜ್ಜಿ, ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ನಡುವೆ ಟೀಪಾಯಿಯ ಮೇಲೆ ತಟ್ಟೆಯಲ್ಲಿ ಸಕ್ಕರೆ. ಮಾತು ಮುಗಿದ ಮೇಲೆ ಎರಡೂ ಮನೆಯ ಯಜಮಾನರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆ ಸಂಬಂಧ ಕೂಡಿತು. ಅಲ್ಲಿಯ ತನಕ ಯಾರೂ ಯಾರನ್ನೂ ಬೀಗರೇ ಎನ್ನುವುದಿಲ್ಲ. ಅವರಿಗೆ ನಾನು ಸಾಹುಕಾರ, ನನಗೆ ಅವರು ಸರ್.

ನಾನು ತಯಾರಾಗಿ ಹೋಗಿದ್ದೆ. ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಎದ್ದು ಹೋಗುವ ಹಾಗೆ ಚಪ್ಪಲಿ ಹುಡುಕಬೇಕು, ಎಲ್ಲ ತಲೆಯಲ್ಲಿತ್ತು. ಮದುವೆ ಬೆಳಗಾವಿಯಲ್ಲೇ ಎಂದೆ. "ಆಗಲಿ ರೀ," ಎಂದರು ಮಾಸ್ತರರು. ಖರ್ಚು ಅರ್ಧರ್ಧ ಎಂದೆ. "ಅದ ಛಲೋ." ಮಗಳು ಕೆಲಸ ಬಿಡುವುದಿಲ್ಲ ಎಂದೆ. "ಬಿಡೂದ್ಯಾಕ?" ಕೊಡುವುದು ತರುವುದು ಏನೂ ಇಲ್ಲ ಎಂದು ಅವರೇ ಹೇಳಿಬಿಟ್ಟರು. ಚಹಾ ಬರುವಷ್ಟರಲ್ಲಿ ಎಲ್ಲ ಮುಗಿಯಿತು.

ಉಳಿದವರಿಗೆ ಅದು ಸಂತೋಷ. ನನಗಲ್ಲ. ಕೇಳಿದ ದರಕ್ಕೆ ಎದುರಿನವನು ಹೂಂ ಎಂದರೆ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ. ಮನೆಯಿಂದ ಕಟ್ಟಿಕೊಂಡು ಹೋದ ಚೌಕಾಸಿಯೆಲ್ಲ ಹಾಗೇ ಉಳಿದಿತ್ತು. ಅದನ್ನು ಎಲ್ಲಾದರೂ ಖರ್ಚು ಮಾಡಲೇಬೇಕು. ಕಣ್ಣು ಗೋಡೆಯ ಮೇಲೆ ಹೋಯಿತು. ಬಸವಣ್ಣನವರ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಅದೇ ಸಾಲಿನಲ್ಲಿ, ಅದೇ ಅಳತೆಯ ಕಟ್ಟಿನಲ್ಲಿ, ಆ ಇನ್ನೊಬ್ಬ ಎತ್ತರದ ಬಾಕ್ಸರ್. ಉದ್ದ ಕೈ, ಕುಣಿಯುವ ಕಾಲು, ಗುದ್ದುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದವ. ಗಂಧದ ಮಾಲೆ ಬೇರೆ.

"ಸರ, ಇವರು ನಿಮ್ಮ ತಾಯಿ ಕಡಿಯವರೋ, ತಂದಿ ಕಡಿಯವರೋ?" ಎಂದೆ.

"ಇವರು ನನ್ನ ಗುರುಗಳು ರೀ ಸಾಹುಕಾರ್ರ. ಸಾಲ್ಯಾಗ ಹುಡುಗೋರಿಗೆ ಇವರ ಕಾಲು ತೋರ್ಸೇ ಹಗ್ಗ ಜಿಗಿಯೂದು ಕಲಿಸೀನಿ."

"ಕಾಲು ಭಾಳ ಛಲೋ ಅದಾವ್ರಿ. ಆದ್ರ ಗುದ್ದೂದು ಕೈಲೆ ಅಲ್ರೀ?"

ಹುಡುಗ ತಲೆ ಎತ್ತಿದ. ಮಗಳು ಸಣ್ಣಗೆ "ಪಪ್ಪಾ" ಎಂದಳು. ನಾನು ಆಗಲೇ ಇಳಿಜಾರಿನಲ್ಲಿದ್ದೆ. ನನ್ನ ಗಿಡ್ಡ ಆಳಿನ ಕಥೆ ಹೇಳಿ, ಅವನ ಕೈಗೆ ಸಿಕ್ಕಿದ್ದರೆ ಗುರುಗಳು ಮೂರನೇ ಸುತ್ತಿಗೆ ಕೂರಲು ಸ್ಟೂಲು ಹುಡುಕುತ್ತಿದ್ದರು ಎಂದೆ.

"ಅದಕ್ಕ ಮೊದ್ಲ ನಿಮ್ಮಾಂವ ಅವರ್ನ ಮುಟ್ಟಬೇಕಲ್ರೀ. ಮುಟ್ಟಾಕ ಏಣಿ ಬೇಕಾಕ್ಕೈತಿ."

"ನಾ ಕಟ್ಟಿಗಿ ಯಾಪಾರದಾಂವ ರೀ ಸರ. ಗಿಡಾ ಎತ್ತರ ಐತಂತ ಯಾರೂ ತುದಿಗೆ ಕೊಡ್ಲಿ ಹಾಕಂಗಿಲ್ಲ. ಪಕ್ಕಿ ಎಲಬಿಗೆ ಎರಡು ಕೊಟ್ರ ಕುಣಿಯೂದು ತಾನ ನಿಲ್ಲತೈತಿ."

"ಗಿಡಾ ನಿಂತಲ್ಲೆ ನಿಂತಿರತೈತಿ. ನಮ್ಮಾವ್ರು ನಿಲ್ಲಂಗಿಲ್ಲ." ಮಾಸ್ತರರು ಎದ್ದರು. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಡಸಾಲೆಯಲ್ಲಿ ಹಿಂದೆ ಮುಂದೆ ಜಿಗಿಯತೊಡಗಿದರು. "ಬರ್ರಿ. ನಿಮ್ಮಾಂವ ಹೊಡ್ಯೂವಂಗ ಹೊಡೀರಿ ನೋಡೂಣು."

ಎದ್ದೆ. ನನ್ನವನು ಮಾಡುವ ಹಾಗೆ ತಲೆ ಭುಜದೊಳಗೆ ಇಳಿಸಿ ಮುಂದೆ ಹೋದೆ. ಸುಮ್ಮನೆ ಮುಟ್ಟಿ ನಿಲ್ಲಿಸಬೇಕು ಎಂದೇ ಕೈ ಬೀಸಿದ್ದು, ಬಸವಣ್ಣನಾಣೆ. ಮಾಸ್ತರರು ತಲೆ ಪಕ್ಕಕ್ಕೆ ಸರಿಸಿದರು. ಅವರ ಹಿಂದೆ ಮುಚ್ಚಿದ ಮುಂಬಾಗಿಲಿತ್ತು. ನನ್ನ ಕೈ ಮೊಣಕೈ ತನಕ ಅದರೊಳಗೆ ಹೋಗಿ ಆ ಕಡೆ ಹೊರಬಿತ್ತು. ಓಣಿಯಲ್ಲಿ ಹೋಗುತ್ತಿದ್ದವರಿಗೆ ಖಾನಾಪುರದ ಬಾಗಿಲೊಂದು ಮುಷ್ಟಿ ತೋರಿಸುವುದು ಕಂಡಿರಬೇಕು. ಗೆದ್ದಲು ಪುಡಿ ಫ್ಯಾನಿನ ಗಾಳಿಗೆ ಹಾರಿ ಸಕ್ಕರೆಯ ಮೇಲೆ ಕುಳಿತಿತು.

"ನೋಡಿದ್ರಿ?" ಎಂದರು ಮಾಸ್ತರರು. "ಹತ್ತಲಿಲ್ಲ."

"ನೋಡಿದ್ರಿ?" ಎಂದೆ ನಾನು, ಕೈ ಇನ್ನೂ ಬಾಗಿಲಲ್ಲೇ. "ಹತ್ತಿದ್ರ ಏನಾಕ್ಕಿತ್ತು?"

ಇಷ್ಟಕ್ಕೆ ನಿಂತಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಹುಡುಗ ನಗುತ್ತಲೂ ಇದ್ದ. ಆದರೆ ಕೈ ಬಿಡಿಸಿಕೊಳ್ಳುತ್ತ ನನ್ನ ಬಾಯಿಂದ ಕಸುಬಿನ ಮಾತು ಬಂತು. "ಹೆದರಬ್ಯಾಡ್ರಿ ಸರ, ಈ ಬಾಗಲಾ ಮೊದ್ಲ ಸತ್ತಿತ್ತು. ಒಳಗ ಬರುವಾಗ ನಾ ಬಾರಿಸಿ ನೋಡೀನಿ."

ಮಾಸ್ತರರ ಕಾಲು ನೆಲಕ್ಕೆ ಇಳಿಯಿತು. ಚುಂಗು ಬಿಚ್ಚಿದರು. "ಅಂದ್ರ ನಮ್ಮ ಮನಿಗೆ ರೇಟ್ ಕಟಗೋತ ಒಳಗ ಬಂದ್ರಿ."

ಸಕ್ಕರೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಆತು ಸಾಹುಕಾರ್ರ. ನಾವು ಮನ್ಯಾಗ ವಿಚಾರ ಮಾಡಿ ತಿಳಸ್ತೀವಿ."

ಮನೆಯಲ್ಲಿ ವಿಚಾರ ಮಾಡಿ ತಿಳಿಸುತ್ತೇವೆ ಎಂದರೆ ನಮ್ಮ ಕಡೆ ಅರ್ಥ ಒಂದೇ. ಅಂಗಡಿಗೆ ಬಂದ ಗಿರಾಕಿ ಹಾಗೆ ಹೇಳಿದರೆ ನಾನು ಮುಂದಿನವರನ್ನು ಕರೆಯುತ್ತೇನೆ. ಮಗಳಿಗೂ ಅದು ಗೊತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸಕ್ಕರೆಯ ತಟ್ಟೆಯನ್ನೇ ನೋಡುತ್ತಿದ್ದಳು. ಹುಡುಗ ಅವಳನ್ನು ನೋಡುತ್ತಿದ್ದ.

ಆಗ ಮೂಲೆಯಿಂದ ಒಂದು ಟವೆಲ್ ಬಂದು ಟೀಪಾಯಿಯ ಮೇಲೆ ಬಿತ್ತು. ಅಜ್ಜಿ ಒಗೆದದ್ದು.

"ಅವ್ವಾ," ಎಂದರು ಮಾಸ್ತರರು, ಆ ಸಿಟ್ಟಿನಲ್ಲೂ ಪಾಠ ಬಿಡದೆ, "ಬಾಕ್ಸಿಂಗದಾಗ ಟವೆಲ್ ಒಗದ್ರ ಸೋತೇವಂತ. ಯಾರ ಕಡಿಂದ ಒಗದಿ?"

"ಇಬ್ಬರ ಕಡಿಂದನೂ. ಖರೇ ಎತ್ತಿನ ಯಾಪಾರ ಇದ್ರ ನಿಮ್ಮಪ್ಪ ಇಷ್ಟೊತ್ತಿಗೆ ಮುಗಿಸಿ ಉಂಡು ಮಲಗಿರತಿದ್ದ. ಕುಂದರ್ರಿ ಇಬ್ಬರೂ. ಕೈ ಹಾಕ್ರಿ ಅದರ ಕೆಳಗ."

ದನದ ಸಂತೆ ಕಂಡವರಿಗೆ ಹೇಳಬೇಕಿಲ್ಲ. ಕಾಣದವರಿಗೆ ಹೇಳುತ್ತೇನೆ. ಕೊಳ್ಳುವವನು, ಮಾರುವವನು ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಮಾತಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಯಾರು ಎಷ್ಟು ಇಳಿದರು ಎಂದು ತಿಳಿಯುವುದಿಲ್ಲ. ಆಮೇಲೆ ಇಬ್ಬರೂ ಬಾಯಿ ಬಿಡುವ ಹಾಗಿಲ್ಲ. ಹೀಗಾಗಿ ಸೋತವನು ಎಂಬ ಮನುಷ್ಯನೇ ಸಂತೆಯಿಂದ ಮನೆಗೆ ಹೋಗುವುದಿಲ್ಲ.

ನಮ್ಮ ಮುಂದಿದ್ದದ್ದು ಎತ್ತಲ್ಲ, ಆ ಇಬ್ಬರ ನಡುವಿನ ಹನ್ನೆರಡು ಸುತ್ತಿನ ಪಂದ್ಯ. ಅದರಲ್ಲಿ ನನ್ನವನ ಪಾಲಿಗೆ ಎಷ್ಟು ಸುತ್ತು? ಮಾಸ್ತರರು ನನ್ನ ಕಿರುಬೆರಳೊಂದನ್ನೇ ಹಿಡಿದರು. ಕೊಡವಿಬಿಟ್ಟೆ. ನಾನು ಅವರ ಇಡೀ ಕೈಯನ್ನು ಎರಡು ಸಲ ಹಿಡಿದೆ. ಅವರು "ಹ್ಞಾಂ" ಎಂದು ಗಂಟಲಲ್ಲೇ ನಕ್ಕರು. ಅವರು ಎರಡು ಬೆರಳಿಗೆ ಬಂದರು, ನಾನು ಸ್ವಲ್ಪ ಇಳಿದೆ. ಮುಖ ಮಾತ್ರ ಇಬ್ಬರದೂ ಕಲ್ಲು. ಆದರೆ ಕೆಳಗೆ ಅವರ ಅಂಗೈ ಬೆವೆತು ಜಾರುತ್ತಿತ್ತು. ಗುರುಗಳ ಮಾನಕ್ಕಾಗಿ ಯಾರ ಅಂಗೈಯೂ ಅಷ್ಟು ಬೆವೆಯುವುದಿಲ್ಲ. ಈ ಮನುಷ್ಯನಿಗೂ ಸಂಬಂಧ ಬೇಕು, ತಿಳಿಸುತ್ತೇವೆ ಎಂದ ಮಾತನ್ನು ವಾಪಸು ತೆಗೆದುಕೊಳ್ಳಲು ದಾರಿ ಬೇಕು ಎಂದು ನನಗೆ ಗೊತ್ತಾಯಿತು. ಬೇರೆ ದಿನವಾಗಿದ್ದರೆ ಅಂಥ ಕೈ ಸಿಕ್ಕಾಗ ಹಿಂಡಿ ಎಣ್ಣೆ ತೆಗೆಯುತ್ತಿದ್ದೆ. ನನ್ನ ಅಂಗೈ ಹೇಗಿದೆ ಎಂದು ಅವರಿಗೂ ತಿಳಿದಿರುತ್ತದೆ ಎಂಬುದು ಆಮೇಲೆ ಹೊಳೆಯಿತು.

ಬಿಟ್ಟುಕೊಟ್ಟೆ. ಎಷ್ಟು ಎಂದು ಹೇಳುವುದಿಲ್ಲ, ಹೆಂಡತಿಗೂ ಹೇಳಿಲ್ಲ. ಮಾಸ್ತರರು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಟವೆಲ್ ತೆಗೆದರು.

"ಸುತ್ತಿನ ಲೆಕ್ಕ ಮುಗೀತು," ಎಂದರು. "ಬಾಗಲಾ ಬ್ಯಾರೆ."

"ಬಾಗಲಾ ಕೊಸರು," ಎಂದೆ. "ಸಾಗವಾನಿ ಕಳಸ್ತೀನಿ ರೀ. ಗೆದ್ದಲು ಮುಟ್ಟಂಗಿಲ್ಲ."

"ಚೌಕಟ್ಟು?"

ನಾನು ಬಾಯಿ ತೆರೆದೆ. ಮಗಳು ನೋಡಿದಳು. "ಚೌಕಟ್ಟೂ ಕಳಸ್ತೀನಿ," ಎಂದೆ.

ಅಜ್ಜಿ ಹೊಸ ಸಕ್ಕರೆ ತರಿಸಿದರು. ಮಾಸ್ತರರು ಚಿಟಿಕೆ ತೆಗೆದು ನನ್ನ ಬಾಯಿಗೆ ಹಾಕಿ, "ತೊಗೊಳ್ರಿ ಬೀಗರ," ಎಂದರು. ಮಗಳ ಬೆರಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿಕೊಂಡಿತು. ಯಾರು ಗೆದ್ದರು ಎಂದು ಹುಡುಗ ಕೇಳಿದ. ನಾವಿಬ್ಬರೂ ಒಟ್ಟಿಗೇ "ನಮ್ಮಾಂವ" ಎಂದೆವು.

ಮದುವೆ ಆಗಿದೆ. ಬಾಗಿಲು ಕೂತಿದೆ. ನಾನು ಹೋದಾಗಲೆಲ್ಲ ಬೀಗರು ಅದರ ಮುಂದೆ ನಿಂತು, ಹಿಮ್ಮಡಿ ಎತ್ತಿ, "ಈಗ ಹೊಡೀರಿ," ಎನ್ನುತ್ತಾರೆ.

ನೀವು ಮಗಳಿಗೋ ಮಗನಿಗೋ ಮನೆ ನೋಡಲು ಹೋಗುವವರಿದ್ದರೆ ನನ್ನ ಮಾತು ಕೇಳಿ. ಬಾಗಿಲು ಬಾರಿಸಿ ನೋಡಬೇಡಿ ಎನ್ನುವುದಿಲ್ಲ. ನೋಡಿ, ಆದರೆ ಸಕ್ಕರೆ ತಿಂದ ಮೇಲೆ. ಎದುರಿನವರು ಎಲ್ಲದಕ್ಕೂ ಹೂಂ ಎಂದರೆ ನಿಮ್ಮ ಚೌಕಾಸಿಯನ್ನು ಹಾಗೇ ಕಟ್ಟಿಕೊಂಡು ವಾಪಸು ತನ್ನಿ, ದಾರಿಯಲ್ಲಿ ತೆಂಗಿನಕಾಯಿ ಮಾರುವವನ ಹತ್ತಿರ ಖರ್ಚು ಮಾಡಿ. ಗೋಡೆಯ ಮೇಲೆ ಯಾರ ಫೋಟೋ ಇದ್ದರೂ ಅವರೇ ದೊಡ್ಡವರು. ಆದರೂ ಮಾತು ಬೆಳೆದರೆ ಮುಖ ನೋಡುತ್ತ ಕೂರಬೇಡಿ, ಎದ್ದು ಕೈ ಹಿಡಿಯಿರಿ. ಅಂಗೈ ಬೆವೆತಿದ್ದರೆ ನೀವೇ ಮೊದಲು ಇಳಿಯಿರಿ. ಅದಕ್ಕೆ ಕಾರಿನಲ್ಲಿ ಒಂದು ಟವೆಲ್ ಇರಲಿ, ದಪ್ಪನೆಯದು, ಕಡುಬಣ್ಣದ್ದು. ಬಿಳಿಯದು ತೆಳ್ಳಗಿದ್ದರೆ ಬೆರಳು ಕಾಣುತ್ತವೆ.