ಕಸ್ತೂರಿ ಆಂಟಿಯ ಮೂರು ನಳಿಗೆ

ಕಸ್ತೂರಿ ಆಂಟಿ ತಮ್ಮ ರೈಫಲ್ಲಿನ ನಳಿಗೆಗಳನ್ನು ಹಳೆಯ ಇಳಕಲ್ ಸೀರೆಯ ತುಂಡುಗಳಲ್ಲಿ ಸುತ್ತಿಡುತ್ತಿದ್ದರು. ಸಣ್ಣ ನಳಿಗೆಗೆ ಹಸಿರು, ನಡುವಿನದಕ್ಕೆ ನೀಲಿ, ಜಿಂಕೆಗೆಂದು ಇಟ್ಟ ದೊಡ್ಡದಕ್ಕೆ ಕೆಂಪು. ನ್ಯೂಜೆರ್ಸಿಯ ಮನ್ರೋದಲ್ಲಿದ್ದ ಅವರ ಮನೆಯ ಬೇಸ್‌ಮೆಂಟಿನಲ್ಲಿ, ಬೀಗ ಹಾಕಿದ ಉಕ್ಕಿನ ಕಪಾಟಿನೊಳಗೆ ಅವು ಮೂರೂ ಸಾಲಾಗಿ ನಿಂತಿರುತ್ತಿದ್ದವು. ಅವರು ತೀರಿಕೊಂಡ ಮೇಲೆ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲ. ಅವರ ಶೇಂಗಾ ಚಟ್ನಿಪುಡಿಯನ್ನು ಹೊಗಳಿದರು. ಮೃದು ಸ್ವಭಾವ ಎಂದರು. ಮಗ ಅಭಿ ಪರದೆಯ ಮೇಲೆ ತೋರಿಸಿದ ಫೋಟೋ ಒಂದರಲ್ಲಿ ಆಂಟಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನಗುತ್ತಿದ್ದರು. ಆ ಫೋಟೋ ತೆಗೆದವಳು ನಾನು. ಅದರಲ್ಲಿ ಅವರ ತೋಳಿನ ಮೇಲೆ ರೈಫಲ್ ಇತ್ತು. ಅಭಿ ಅಷ್ಟು ಭಾಗವನ್ನು ಕತ್ತರಿಸಿ ಎಸೆದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಮೃದು ಸ್ವಭಾವವಂತೆ! ನಾನು ಜೀವನದಲ್ಲಿ ಅಷ್ಟು ಬೈಗಳನ್ನು ಬೇರೆ ಯಾರಿಂದಲೂ ತಿಂದಿಲ್ಲ. ನಮ್ಮಮ್ಮನಿಂದ ಕೂಡ ಇಲ್ಲ.

ಆಂಟಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿ ಹುಡುಗಿಯರ ಕೈಗೆ ಕೊಡುತ್ತಿದ್ದ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಅವರ ಗುರಿ ಶುರುವಾಯಿತು. ಇಲ್ಲಿಗೆ ಬಂದು, ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಜೊತೆಯ ಸರ್ಜನ್ ಒಬ್ಬರ ಸಂಗಡ ಬೇಟೆಗೆ ಹೋಗತೊಡಗಿದರು. ಗಂಡ ತೀರಿಹೋದ ಮೇಲೂ ಬಿಡಲಿಲ್ಲ. ನಾನು ಅವರ ಪಕ್ಕದ ಮನೆಯವಳು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತು ಕಂಡವರ ಮೇಲೆಲ್ಲ ರೇಗುತ್ತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಬಾಗಿಲು ತಟ್ಟಿ, "ಏ ಹುಡುಗಿ, ರೇಂಜಿಗೆ ನಡಿ. ಆದ್ರ ಸಿಟ್ಟ ಮನ್ಯಾಗ ಇಟ್ಟ ಬಾ. ಸಿಟ್ಟಿನ್ಯಾಗ ಇದ್ದಾವ್ರ ಕೈಗೆ ನಾ ಬಂದೂಕ ಕೊಡೂದಿಲ್ಲ" ಎಂದರು. ಗುರಿ ಹೊಡೆಯುವ ಆ ರೇಂಜಿನಲ್ಲಿ ಅವತ್ತು ನಿಜಕ್ಕೂ ಕೊಡಲಿಲ್ಲ. ನನ್ನ ಮುಖ ನೋಡಿ ಬೆಂಚಿನ ಮೇಲೆ ಕೂರಿಸಿದರು. ನಾನು ಕಿವಿಗೆ ಮುಚ್ಚಳ ಹಾಕಿಕೊಂಡು ಅವರು ಹೊಡೆಯುವುದನ್ನು ನೋಡಿಕೊಂಡು ಮನೆಗೆ ಬಂದೆ.

ಅವರ ರೈಫಲ್ಲು ನಳಿಗೆ ಬಿಚ್ಚಿ ಬದಲಿಸುವ ಬಗೆಯದು. ಮೈ ಒಂದೇ, ನಳಿಗೆ ಬದಲಾದರೆ ಕ್ಯಾಲಿಬರ್ ಬದಲು, ಅಂದರೆ ಗುಂಡಿನ ಅಳತೆಯೇ ಬದಲು. ಅಂಗಡಿಯವರು ಇದನ್ನು ಒಂದು ಸವಲತ್ತು ಎಂದು ಮಾರುತ್ತಾರೆ. ಆಂಟಿಗೆ ಅದು ಜವಾಬ್ದಾರಿಯಾಗಿತ್ತು. "ಯಾವ ಬ್ಯಾರಲ್ ಛಲೋ ಆಂಟಿ?" ಎಂದು ಯಾರಾದರೂ ಕೇಳಿದರೆ ಕೆಂಡವಾಗುತ್ತಿದ್ದರು. "ಏನ ಹೊಡೀತಿ ಅದನ್ನ ಮೊದ್ಲ ಹೇಳು. ಬ್ಯಾರಲ್ ಆಮ್ಯಾಲ. ಪೇಷಂಟ್ ತೂಕ ಕೇಳದ ನಾ ಎಂದರ ಸೂಜಿ ಚುಚ್ಚೀನೇನು? ಹಾಳೀಗೆ ಹೊಡ್ಯಾಕ ಸಣ್ಣದು ಸಾಕು. ಭುಜಕ್ಕ ಒದಿಯೂದಿಲ್ಲ, ಕಲೀತಿ. ಅದನ್ನ ತಗೊಂಡ ಜಿಂಕಿ ಮುಂದ ನಿಂತಿ ಅಂದ್ರ ಅದು ಸಾಯೂದಿಲ್ಲ, ನರಳ್ತೈತಿ. ನರಳಸೂದು ನಮ್ಮ ಕೆಲಸ ಅಲ್ಲ." ನೋವಿಲ್ಲದಂತೆ ಮಾಡುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದ ಹೆಂಗಸು. ಬೇಟೆಯಲ್ಲೂ ಅವರಿಗೆ ಅದೊಂದೇ ಹಟ.

ಒಮ್ಮೆ ರೇಂಜಿನ ಮೇಜಿನ ಮೇಲೆ ನಾನು ನೀಲಿ ನಳಿಗೆಯ ತೋಟಾ ಡಬ್ಬಿಯನ್ನು ಮರೆತು ಇಟ್ಟಿದ್ದೆ. ರೈಫಲ್ಲಿಗೆ ಹಾಕಿದ್ದು ಕೆಂಪು ಸೀರೆಯದು. ಆಂಟಿ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ರೈಫಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿ ಕಾರಿಗೆ ನಡೆದೇಬಿಟ್ಟರು. ಮನೆ ಮುಂದೆ ಇಳಿಸುವಾಗ, "ತಪ್ಪ ತೋಟಾ ತಪ್ಪ ಬ್ಯಾರಲ್‌ಗೆ ಹೋತಂದ್ರ ಮುಂದಿನಾವ್ರು ಸಾಯೂದಿಲ್ಲ, ನೀ ಸಾಯ್ತಿ. ಮೇಜಿನ ಮ್ಯಾಲ ಒಂದ ಬ್ಯಾರಲ್, ಅದರ ತೋಟಾ ಅಷ್ಟ. ತಿಳೀತೇನು?" ಎಂದರು. ನಾನು ಒಳಗೆ ಹೋಗಿ ಅತ್ತೆ. ಮರುದಿನ ಡಬ್ಬಿ ತುಂಬ ಕರದಂಟು ಕಳಿಸಿದರು. ಸಾರಿ ಎಂದು ಮಾತ್ರ ಹೇಳಲಿಲ್ಲ.

ದೀಪಾವಳಿಗೆ ಎಲ್ಲರೂ ಅಡುಗೆ ತಂದು ಸೇರಿದ್ದ ಪಾಟ್‌ಲಕ್ಕಿನಲ್ಲಿ ಡೆಂಟಿಸ್ಟ್ ಮಹೇಶನಿಗೆ ಆದದ್ದು ಇನ್ನೂ ಘೋರ. ಅವನೂ ಅಂಥದ್ದೇ ರೈಫಲ್ ತೆಗೆದುಕೊಂಡಿದ್ದ. ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಿಡಿದುಕೊಂಡು ಬಂದು, "ಆಂಟಿ, ತಗೊಳೋದಾದ್ರೆ ಬಿಗ್ಗೆಸ್ಟ್ ಕ್ಯಾಲಿಬರ್ ತಗೊಂಡ್‌ಬಿಡೋಣ ಅಂತ ಮ್ಯಾಗ್ನಮ್ ಬ್ಯಾರಲ್ ಆರ್ಡರ್ ಮಾಡ್ಬಿಟ್ಟೆ" ಎಂದ.

"ಏನ ಹೊಡ್ಯಾವಿದ್ದಿ ಅದರಿಂದ?"

"ಸದ್ಯಕ್ಕೆ ಟಾರ್ಗೆಟ್ಟೇ ಆಂಟಿ, ಜಸ್ಟ್ ಫಾರ್ ಫನ್."

"ಹಲ್ಲ ಕೀಳಾಕ ಕಬ್ಬಿಣದ ಹಾರಿ ತಗೋತೀಯೇನೋ? ನಾಕ ಸಲ ಹೊಡದ್ರ ಭುಜ ಬಾತ ಕುಂದರ್ತಿ. ಆಮ್ಯಾಲ ಒದಿತೈತಿ ಅಂತ ಅಂಜಿ ಕಣ್ಣ ಮುಚ್ತಿ. ಕಣ್ಣ ಮುಚ್ಚಿ ಹೊಡ್ಯಾವ ನಮ್ಮ ರೇಂಜಿಗೆ ಬರಬ್ಯಾಡ." ಅವನ ಹೆಂಡತಿಯ ಎದುರಿಗೇ ಹೇಳಿದರು. ಹಾಲ್‌ನಲ್ಲಿದ್ದವರೆಲ್ಲ ತಟ್ಟೆ ನೋಡಿಕೊಂಡು ನಿಂತರು. ಶ್ರದ್ಧಾಂಜಲಿಯ ದಿನ ಎದ್ದು ನಿಂತು ಮೃದು ಸ್ವಭಾವ ಎಂದವನು ಇದೇ ಮಹೇಶ.

ಆಂಟಿಯ ಎಲ್ಲ ನಿಯಮಗಳ ಮೇಲೆ ಒಂದು ದೊಡ್ಡ ನಿಯಮವಿತ್ತು. ಗುರಿ ನೋಡುವ ದುರ್ಬೀನು ರೈಫಲ್ಲಿನ ಮೈಮೇಲೆ ಕೂತಿರುತ್ತದೆ. ನಳಿಗೆ ಬದಲಿಸಿದಾಗ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ರೇಂಜಿಗೆ ಹೋಗಿ ಹಾಳೆಯ ಮೇಲೆ ಹೊಡೆದು, ಗುರಿ ಕೂರಿಸಿಕೊಂಡು ಬರಬೇಕು. "ಬ್ಯಾರಲ್ ಬಿಚ್ಚಿ ಹಾಕಿದಿ ಅಂದ್ರ ಅದು ಹೊಸಾ ಬಂದೂಕು. ಮದ್ಲ ನೆಟ್ಟಗ ಹೊಡೀತಿತ್ತು ಅಂತ ನನಗ ಹೇಳಬ್ಯಾಡ. ಹಾಳಿ ಮ್ಯಾಲ ಹೊಡದ ತೋರಿಸು, ಆಮ್ಯಾಲ ಕಾಡಿಗೆ ಹೋಗು." ಇದನ್ನು ಬೇಸರವಾಗುವಷ್ಟು ಸಲ ಕೇಳಿದ್ದೇನೆ. ಮಂಜು ಬೀಳುತ್ತಿದ್ದಾಗ ಕೂಡ ನನ್ನನ್ನು ಎಳೆದುಕೊಂಡು ಹೋಗಿದ್ದಾರೆ.

ಅದಕ್ಕೇ ಅವರ ಕೊನೆಯ ನವೆಂಬರಿನ ವಿಷಯ ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ನ್ಯೂಜೆರ್ಸಿಯಲ್ಲಿ ಜಿಂಕೆಗೆ ಇಂಥ ರೈಫಲ್ ಬಳಸುವಂತಿಲ್ಲ. ಆಂಟಿ ಥ್ಯಾಂಕ್ಸ್‌ಗಿವಿಂಗ್‌ನ ಮುಂಚಿನ ವಾರ ನ್ಯೂಯಾರ್ಕಿನ ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳ ಕಡೆ, ಆ ಸರ್ಜನ್ನರ ಜಾಗಕ್ಕೆ ಹೋಗುತ್ತಿದ್ದರು. ನಾನು ಜೊತೆಗೆ ಹೋಗುವವಳು ಅಷ್ಟೇ, ಹೊಡೆಯುವವಳಲ್ಲ. ಆ ವರ್ಷ ಕಾರಿನಲ್ಲಿ ಕೂತ ಕೂಡಲೇ ಕೇಳಿದೆ: "ಕೆಂಪು ಬ್ಯಾರಲ್ ಹಾಕಿದೀರಾ? ರೇಂಜಿಗೆ ಹೋಗಿದ್ರಾ?"

"ಹೋಗಿದ್ದೆ."

"ನನ್ನ ಕರೀಲೇ ಇಲ್ಲ?"

"ನಿನಗ ಆಫೀಸ್ ಇತ್ತಲ್ಲ."

ಹೊಸ ಕೆಲಸ ಸಿಕ್ಕಿತ್ತು, ಆಫೀಸೂ ಇತ್ತು. ನಂಬಿದೆ. ನಂಬದೆ ಏನು ಮಾಡಲಿ? ನಿಯಮ ಮಾಡಿದವರೇ ಅವರು.

ಬೆಳಗಿನ ಬಿಸಿಲಿನಲ್ಲಿ ಹೆಣ್ಣು ಜಿಂಕೆಯೊಂದು ಬಯಲಿಗೆ ಬಂದು ಅಡ್ಡಲಾಗಿ ನಿಂತಿತು. ಕಷ್ಟದ ಗುರಿಯೇ ಅಲ್ಲ. ಆಂಟಿ ಬಿದ್ದ ಮರದ ಮೇಲೆ ರೈಫಲ್ ಊರಿ ಹೊಡೆದರು. ಜಿಂಕೆ ಬೀಳಲಿಲ್ಲ. ಬೆನ್ನನ್ನು ಗೂನು ಮಾಡಿಕೊಂಡು, ಮುದುಕಿಯ ಹಾಗೆ, ಮರಗಳೊಳಗೆ ನಡೆದುಹೋಯಿತು. ಅದು ನಿಂತಿದ್ದ ಜಾಗದ ಎಲೆಗಳ ಮೇಲೆ ಕಪ್ಪು ರಕ್ತವಿತ್ತು, ಹಸಿರು ಮೇವಿನ ಚೂರಿತ್ತು. ಆಂಟಿ ಬೆರಳಿಗೆ ಹಚ್ಚಿಕೊಂಡು ಮೂಸಿದರು. "ಹೊಟ್ಟಿಗೆ ಬಿದ್ದೈತಿ" ಎಂದರು. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ಸಾಯುವುದಿಲ್ಲವೆಂದು ನನಗೆ ಕಲಿಸಿದವರು ಅವರೇ.

ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆಂದು ಮೊದಲು ಕಾದೆವು. ಆಮೇಲೆ ರಕ್ತದ ಜಾಡು ಹಿಡಿದು ಹೊರಟೆವು. ಮಧ್ಯಾಹ್ನ ಮಳೆ ಬಂತು. ಎಲೆಗಳೆಲ್ಲ ತೊಳೆದುಹೋದವು. ಆಂಟಿ ಮುಳ್ಳುಪೊದೆಗಳೊಳಗೆ ನುಗ್ಗಿ, ಹಳ್ಳಕ್ಕಿಳಿದು, ಬೆಳಕಿರುವ ತನಕ ಹುಡುಕಿದರು. ಕೆನ್ನೆಯೆಲ್ಲ ಗೀರಿಹೋಗಿತ್ತು. ಜಿಂಕೆ ಸಿಗಲಿಲ್ಲ.

ಕಾರಿನ ಹತ್ತಿರ ಬಂದಾಗ ಕೇಳಿದೆ. "ನೀವು ರೇಂಜಿಗೆ ಹೋಗಿರ್ಲಿಲ್ಲ, ಅಲ್ವಾ?"

ಆಂಟಿ ಒದ್ದೆ ಜಾಕೆಟ್ ಬಿಚ್ಚುತ್ತಾ, "ನೀ ಯಾಕ ಗಟ್ಟಿಸಿ ಕೇಳಲಿಲ್ಲ?" ಎಂದು ನನ್ನ ಮೇಲೇ ಹರಿಹಾಯ್ದರು.

ಎಂಥ ಅನ್ಯಾಯದ ಮಾತು! ಸುಳ್ಳು ಹೇಳಿದವರು ಅವರು, ಗುಂಡು ಹಾರಿಸಿದವರು ಅವರು, ತಪ್ಪು ನನ್ನದು! ಆ ಚಳಿಗಾಲವಿಡೀ ಬೇಲಿಯಾಚೆ ಅವರ ಕಿಟಕಿಯ ದೀಪ ಕಾಣುತ್ತಿತ್ತು. ನಾನು ಹೋಗಲಿಲ್ಲ, ಅವರು ಕರೆಯಲಿಲ್ಲ. ನನ್ನ ಕೋಪ ಕರಗಿತ್ತೆಂದು ಸುಳ್ಳು ಹೇಳಲಾರೆ. ಎಲ್ಲೋ ಒಂದು ಪೊದೆಯಲ್ಲಿ ಮಲಗಿ ನರಳಿದ ಆ ಜೀವ ಕಣ್ಣ ಮುಂದೆ ಬಂದಾಗಲೆಲ್ಲ ಅದು ಬೆಳೆಯಿತು.

ಮಾರ್ಚಿನಲ್ಲಿ ಫೋನ್ ಬಂತು. "ಶನಿವಾರ ರೇಂಜಿಗೆ ಬಾ." ಅಷ್ಟೇ.

ಹೋದೆ. ಅವರು ಆಗಲೇ ಬಂದು ಕೂತಿದ್ದರು. ಹಾಕಿದ್ದು ಹಸಿರು ಸೀರೆಯ ಸಣ್ಣ ನಳಿಗೆ. ಹಾಳೆಯನ್ನು ಹೊಸಬರಿಗೆ ಕಟ್ಟುವಷ್ಟು ಹತ್ತಿರ ಕಟ್ಟಿದ್ದರು. ರೈಫಲ್ಲಿನ ಕೆಳಗೆ ಮರಳು ಚೀಲ. ತೋಟಾ ಏರಿಸುವ ಬೋಲ್ಟ್ ಹಿಡಿಯಲು ಕೈ ಎತ್ತಿದಾಗ ಕಂಡೆ. ಅವರ ಬಲಗೈ ನಡುಗುತ್ತಿತ್ತು. ಸಣ್ಣಗಲ್ಲ, ದೂರದಿಂದ ಕಾಣುವಷ್ಟು. ಎಡಗೈಯಿಂದ ಅದನ್ನು ಹಿಡಿದು ಬೋಲ್ಟಿನ ಮೇಲೆ ಇಟ್ಟುಕೊಂಡರು. ಹೊಡೆದರು. ಮತ್ತೆ ಹೊಡೆದರು. ತುಂಬಿದ್ದ ತೋಟಾಗಳೆಲ್ಲ ಖಾಲಿಯಾಗುವ ತನಕ ನನ್ನ ಕಡೆ ತಿರುಗಲಿಲ್ಲ.

ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ ತಾವೇ ನಡೆದುಹೋಗಿ ಹಾಳೆ ಕಿತ್ತು ತಂದು ನನ್ನ ಕೈಗೆ ಕೊಟ್ಟರು. ತೂತುಗಳು ಚೆಲ್ಲಾಪಿಲ್ಲಿಯಾಗಿದ್ದವು. ಕೆಲವು ಹಾಳೆಗೆ ಬಿದ್ದೇ ಇರಲಿಲ್ಲ.

"ನೋಡು. ಹ್ವಾದ ಬ್ಯಾಸಗಿಯಿಂದ ಹಿಂಗ ಐತಿ. ರೇಂಜಿಗೆ ಬಂದಿದ್ರ ನೀ ನೋಡ್ತಿದ್ದಿ. ಇದನ್ನ ನೀ ನೋಡಬಾರದು ಅಂತ ಆ ಜೀವಕ್ಕ ಅಷ್ಟ ನೋವ ಕೊಟ್ಟೆ."

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ನೆತ್ತಿಗೇರಿತು. ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ತನಕ ತಡೆದುಕೊಂಡೆ. ಪಾರ್ಕಿಂಗ್ ಲಾಟಿನಲ್ಲಿ ಆಂಟಿ ನನ್ನೆದುರು ನಿಂತು, "ಬೈ. ಬೈಯಾಕೂ ಬರೂದಿಲ್ಲೇನ ನಿನಗ?" ಎಂದರು.

ಬೈದೆ. "ನಂಗೆ ಹೇಳಿದ್ರೆ ಏನಾಗ್ತಿತ್ತು ಆಂಟಿ? ಯಾರು ನಗ್ತಿದ್ರು? ನಾನಾ? ಕೈ ನಡುಗೋದು ಅವಮಾನಾನಾ? ಡಾಕ್ಟರಲ್ವಾ ನೀವು? ಊರೋರಿಗೆಲ್ಲ ರೂಲ್ಸ್, ನಿಮಗೊಬ್ರಿಗೆ ಇಲ್ಲ! ನಿಮ್ಮ ಮರ್ಯಾದೆ ಉಳೀಲಿ ಅಂತ ಆ ಜಿಂಕೆ ಒದ್ದಾಡ್ಕೊಂಡು ಸಾಯ್ಬೇಕಿತ್ತಾ? ಸುಳ್ಳು ಹೇಳಿದ್ರಿ ನನ್ಹತ್ರ. ಆಮೇಲೆ ನನ್ನ ತಲೇಗೇ ಕಟ್ಟಿದ್ರಿ!" ಪಿಕಪ್ ಟ್ರಕ್ಕುಗಳ ಹತ್ತಿರ ನಿಂತಿದ್ದವರು ತಿರುಗಿ ನೋಡಿದರು. ಭಾಷೆ ತಿಳಿಯದಿದ್ದರೂ ಏನು ನಡೆಯುತ್ತಿದೆ ಎಂದು ಅವರಿಗೆ ತಿಳಿದಿರಬೇಕು. ಆಂಟಿ ತಲೆ ತಗ್ಗಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ನಾನೇ ನಿಲ್ಲಿಸಿದೆ.

"ಮುಗೀತೇನು?"

"ಇಲ್ಲ."

"ಹಂಗಾರ ಮುಂದಿನ ಶನಿವಾರ ಬಾ. ಉಳದದ್ದು ಬೈಯುವಂತಿ."

ಬುಧವಾರ ಬೆಳಿಗ್ಗೆ ಅಭಿ ನ್ಯೂಯಾರ್ಕಿನ ಜೆರಿಕೋದ ತನ್ನ ಮನೆಯಿಂದ ಫೋನ್ ಮಾಡಿದ. ಆಂಟಿ ಹಿಂದಿನ ದಿನ ಅಲ್ಲಿಗೆ ಹೋಗಿದ್ದರು. ರಾತ್ರಿ ನಿದ್ದೆಯಲ್ಲೇ ಅವರ ಹೃದಯ ನಿಂತಿತ್ತಂತೆ. ಶೀ ವೆಂಟ್ ಪೀಸ್‌ಫುಲಿ ಎಂದ. "ನಾನಿನ್ನೂ ಮುಗಿಸಿರಲಿಲ್ಲ ಕಣೋ!" ಎಂದು ಕೂಗಿಬಿಟ್ಟೆ. ಅವನಿಗೆ ಅರ್ಥವಾಗಲಿಲ್ಲ. ಸಾರಿ, ವಾಟ್, ಎಂದು ಕೇಳುತ್ತಲೇ ಇದ್ದ.