ಇವತ್ತು ಯಾವ ನಕ್ಷತ್ರ

ಜಯನಗರದ ಮನೆ ಬಿಡಬೇಕು ಎಂದು ಗೊತ್ತಾದ ದಿನ ನಾನು ಮೊದಲು ನೋಡಿದ್ದು ಆಷಾಢ ಯಾವಾಗ ಬರುತ್ತದೆ ಎಂಬುದನ್ನು. ಹದಿನಾಲ್ಕು ವರ್ಷ ಬಾಡಿಗೆಗಿದ್ದ ಮನೆ. ಮಾಲೀಕರ ಮಕ್ಕಳು ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಕೊಟ್ಟುಬಿಟ್ಟಿದ್ದರು. ಆಷಾಢದಲ್ಲಿ ಮನೆ ಬದಲಾಯಿಸುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟರೊಳಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕು. ಕೈಯಲ್ಲಿದ್ದದ್ದು ಆರು ವಾರ. ಮಗಳು ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಉಳಿದವರು ನಾನು, ನಮ್ಮ ಯಜಮಾನರು, ಸ್ಟ್ರೋಕ್ ಆಗಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ನಮ್ಮತ್ತೆ.

ನಮಗೇನು ಮನೆ ಸಿಗುವುದು ಕಷ್ಟವಲ್ಲ ಅಂದುಕೊಂಡಿದ್ದೆ. ಬೋರ್ಡ್ ಹಾಕಿದವರು ಕೇಳುವುದು ನನಗೆ ಗೊತ್ತಿತ್ತು: ಎಷ್ಟು ಜನ, ಯಾವ ಜನ, ವೆಜ್ಜಾ ನಾನ್‌ವೆಜ್ಜಾ. ಬನಶಂಕರಿ ಎರಡನೇ ಸ್ಟೇಜಿನ ಒಂದು ಮನೆಯ ಗೇಟಿನಲ್ಲಿ ನನಗಿಂತ ಮುಂಚೆ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಹೆಂಡತಿ ಬುರ್ಖಾದಲ್ಲಿದ್ದಳು, ಕಂಕುಳಲ್ಲಿ ಮಗು. ಮನೆಯ ಯಜಮಾನರು ಗೇಟು ತೆರೆಯದೆಯೇ, "ಆಗ್ಲೇ ಹೋಗ್ಬಿಡ್ತಲ್ಲ ಸಾರ್, ಬೋರ್ಡ್ ತೆಗೆಯೋದು ಮರ್ತೋಗಿದೆ" ಎಂದರು. ಅವರು ಅತ್ತ ಹೋದದ್ದೇ ನನ್ನ ಹಣೆಯ ಕುಂಕುಮ ನೋಡಿ, "ಬನ್ನಿ ಬನ್ನಿ ಒಳಗೆ" ಎಂದರು. ನನಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಟ್ಟು ಬರೆದರೆ ದೇವರು ಮೆಚ್ಚುವುದಿಲ್ಲ.

ಕಾಫಿ ಬಂತು. ದೇವರ ಮನೆ ಪೂರ್ವಕ್ಕಿತ್ತು, ತುಳಸಿಗೆ ಜಾಗವಿತ್ತು. ನನ್ನ ಮನಸ್ಸು ಆಗಲೇ ಅಲ್ಲಿ ರಂಗೋಲಿ ಹಾಕುತ್ತಿತ್ತು.

"ಮನೇಲಿ ದೊಡ್ಡೋರು ಯಾರಾದ್ರೂ ಇದಾರಾ?"

"ನಮ್ಮತ್ತೆ ಇದಾರೆ."

"ಎದ್ದು ಓಡಾಡ್ತಾರಾ?"

ನಾನು ಇದ್ದದ್ದನ್ನು ಹೇಳಿದೆ. ಅವರು ಲೋಟ ಕೆಳಗಿಟ್ಟರು. "ನೋಡಿಮ್ಮ, ಬೇಜಾರ್ ಮಾಡ್ಕೋಬೇಡಿ. ನಮ್ಮ ಹಿಂದಿನ ಬಾಡಿಗೆಯವರ ತಾಯಿ ಪಂಚಕದಲ್ಲಿ ಹೋಗ್ಬಿಟ್ರು. ಆರು ತಿಂಗಳು ಮನೆ ಬೀಗ ಹಾಕಿದ್ವಿ. ನೀವೂ ಆಚಾರವಂತರು, ನಿಮಗೆ ಬಿಡಿಸಿ ಹೇಳ್ಬೇಕಾ?"

ಬಿಡಿಸಿ ಹೇಳಬೇಕಿರಲಿಲ್ಲ. ಧನಿಷ್ಠೆಯಿಂದ ರೇವತಿಯವರೆಗೆ ಐದು ನಕ್ಷತ್ರ. ಆ ಐದು ದಿನಗಳಲ್ಲಿ ಯಾರಾದರೂ ಹೋದರೆ ಆ ಮನೆಗೆ ದೋಷ, ತಿಂಗಳುಗಟ್ಟಲೆ ಬಾಗಿಲು ಮುಚ್ಚಬೇಕು. ನಾನೂ ನಂಬುವವಳೇ. ನನ್ನದೇ ಮನೆಯಾಗಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆನೋ ಏನೋ. ಹಾಗಾಗಿ ಕಾಫಿ ಮುಗಿಸಿ ಎದ್ದುಬಂದೆ. ಮಗುವನ್ನೆತ್ತಿಕೊಂಡು ಹೋದವಳಿಗೆ ಗೇಟಿನಲ್ಲೇ ಹೇಳಿದರು. ನನ್ನನ್ನು ಕೂರಿಸಿ, ಕಾಫಿ ಕೊಟ್ಟು ಹೇಳಿದರು. ಬಸ್ ಸ್ಟಾಪಿನಲ್ಲಿ ನಿಂತಾಗ ಅಷ್ಟೇ ವ್ಯತ್ಯಾಸ ಅನ್ನಿಸಿತು.

ಆಮೇಲೆ ಜೆ.ಪಿ. ನಗರದಲ್ಲಿ ಎರಡು ಮನೆ, ಬಿಟಿಎಂ ಲೇಔಟಿನಲ್ಲಿ ಒಂದು. ಒಬ್ಬರು ಬಾಯಿಬಿಟ್ಟು ಹೇಳಿದರು, ಇಬ್ಬರು ಫೋನ್ ಎತ್ತಲಿಲ್ಲ. ಇದನ್ನೆಲ್ಲ ನಾನು ಯಜಮಾನರಿಗೆ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿರುತ್ತಿದ್ದರು. ಕಣ್ಣು ಮುಚ್ಚಿದ್ದರೆ ನಿದ್ದೆ ಅಂದುಕೊಳ್ಳುತ್ತಿದ್ದೆವು.

ಬ್ರೋಕರ್ ಒಬ್ಬ ನನ್ನ ಮುಖ ನೋಡಿ ಕನಿಕರದಿಂದಲೇ ಹೇಳಿದ: "ಅಕ್ಕಾ, ಅಜ್ಜಿ ವಿಷ್ಯ ಎತ್ಲೇಬೇಡಿ. ಶಿಫ್ಟ್ ಆದ್ಮೇಲೆ ಯಾರು ಆಚೆ ಹಾಕ್ತಾರೆ?"

ಅವನು ತೋರಿಸಿದ್ದು ಸಾರಕ್ಕಿಯ ಹಳೇ ಊರೊಳಗಿನ ಮೂರಂತಸ್ತಿನ ಮನೆ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ವಿಧವೆ. ಆ ಜಾಗದಲ್ಲೇ ರಾಗಿ ಬೆಳೆದವರು. ಈಗಲೂ ಹಿತ್ತಲಲ್ಲಿ ಒಂದು ಹಸು ಕಟ್ಟಿದ್ದರು. ಮಹಡಿ ಮೇಲಿನ ಕೋಣೆಯಲ್ಲಿ ಮಣಿಪುರದ ಇಬ್ಬರು ಹುಡುಗಿಯರು ಇದ್ದರು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಖಾಲಿಯಿದ್ದದ್ದು ನಡುವಿನ ಮನೆ.

"ಎಷ್ಟು ಜನ್ವವ್ವ?" ಅಂತ ಆಕೆ ಕೇಳಿದರು.

"ಇಬ್ಬರೇ ಅಮ್ಮ."

ಅದು ನನ್ನ ಬಾಯಿಂದ ಬಂದ ಮಾತು. ಅವತ್ತು ಗುರುವಾರ, ಒಪ್ಪತ್ತು ಉಪವಾಸ ಬೇರೆ.

ಸಾಮಾನೆಲ್ಲ ಸಾಗಿಸಿ ಹಾಲು ಉಕ್ಕಿಸಿದ ಮೇಲೆ, ಮಧ್ಯಾಹ್ನ ಆಕೆ ಮಲಗಿರುತ್ತಾರೆಂದು ಹೊತ್ತು ನೋಡಿ ಅತ್ತೆಯನ್ನು ಕಾರಿನಲ್ಲಿ ಕರೆತಂದೆವು. ಆಕೆ ಮಲಗಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಕಾಲು ಚಾಚಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅತ್ತೆ, ಕುರ್ಚಿ ಹಿಡಿದ ಯಜಮಾನರು ಮತ್ತು ಕಾರಿನವನು, ಹಿಂದೆ ದಿಂಬು ಹಿಡಿದ ನಾನು.

"ನಮ್ಮತ್ತೆ. ಎರಡು ದಿನ ಇದ್ದು ಹೋಗೋಕೆ ಬಂದಿದಾರೆ."

ಆಕೆ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. "ಎಲ್ಡು ದಿನಕ್ಕೆ ಬಂದೋರ್ಗೆ ಆಸ್ಪತ್ರೆ ಮಂಚ ಯಾಕವ್ವ? ಬೆಳಿಗ್ಗೆ ಮೇಲಕ್ಕೆ ಓಯ್ತಲ್ಲ, ಕಂಡೆ."

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆಕೆ ಕಾಲು ಮಡಚಿ ದಾರಿ ಬಿಟ್ಟರು. ಮೇಲಿನ ಹುಡುಗಿಯರು ಸದ್ದು ಕೇಳಿ ಇಳಿದು ಬಂದು ಕುರ್ಚಿಯ ಮುಂದಿನ ಕಾಲು ಹಿಡಿದರು. ಅವತ್ತಿನ ಮಟ್ಟಿಗೆ ದೇವರು ಇಟ್ಟ ದಯೆ ಅಷ್ಟು: ಒಬ್ಬರು ದಾರಿ ಬಿಟ್ಟರು, ಇಬ್ಬರು ಕೈ ಜೋಡಿಸಿದರು.

ಆದರೆ ದಾರಿ ಬಿಟ್ಟದ್ದು ಬದುಕಿರುವ ಅತ್ತೆಗೆ ಮಾತ್ರ ಎಂದೇ ನಾನು ತಿಳಿದೆ. ಸಾವಿನ ಮಾತನ್ನು ಆಕೆಯ ಹತ್ತಿರ ಎತ್ತಲು ಧೈರ್ಯ ಬರಲಿಲ್ಲ. ಪಂಚಕ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಬಂದಾಗಲೆಲ್ಲ ದೀಪದ ಮುಂದೆ ಕೈ ಮುಗಿದು, "ಈ ಐದು ದಿನ ಬೇಡಪ್ಪ" ಎನ್ನುತ್ತಿದ್ದೆ. ಉಳಿದ ದಿನಗಳಾದರೆ ಆಗಬಹುದು ಎಂದಂತಾಯಿತಲ್ಲ ಎಂಬುದು ಬಹಳ ದಿನ ಹೊಳೆಯಲೇ ಇಲ್ಲ.

ಹೊಸ ಮನೆಗೆ ಬಂದಮೇಲೆ ಅತ್ತೆಗೆ ಒಂದು ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಮುಖ ಒರೆಸುವಾಗ ಕೇಳುವರು. ಮಾತು ತೊದಲುತ್ತಿತ್ತು, ಆದರೆ ನನಗೆ ಅರ್ಥವಾಗುತ್ತಿತ್ತು.

"ಹುಡುಗೀ, ಇವತ್ತು ಯಾವ ನಕ್ಷತ್ರ?"

ಐವತ್ತೆರಡು ವರ್ಷದ ನಾನು ಅವರಿಗೆ ಕೊನೆಯವರೆಗೂ ಹುಡುಗಿಯೇ. ಕ್ಯಾಲೆಂಡರ್ ನೋಡಿ ಹೇಳುತ್ತಿದ್ದೆ. ಮೊದಲೆಲ್ಲ ಪೂಜೆ ಮಾಡಿದ ಜೀವ, ಸಂಕಲ್ಪಕ್ಕೆ ಕೇಳುತ್ತಾರೆ ಅಂದುಕೊಂಡೆ. ಒಂದು ದಿನ "ಶತಭಿಷ" ಎಂದೆ. ಅವರು ಎಡಗೈಯ ಬೆರಳು ಮಡಚಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ, "ಇನ್ನು ನಾಲ್ಕು. ಗಂಜಿ ಕೊಡು, ತಿಂತೀನಿ" ಎಂದರು. ಪಂಚಕ ಹಿಡಿಯುವ ಹಿಂದಿನ ದಿನ ಬಾಯಿ ಬಿಗಿಹಿಡಿದು ಬೇಡವೆಂದವರು.

ಬಟ್ಟಲಿಗೆ ಗಂಜಿ ಬಡಿಸುವಾಗ ನನಗೆ ಹೊಳೆಯಿತು. ಜಯನಗರದ ಅಡುಗೆಮನೆಯಲ್ಲಿ ಆಡಿದ ಒಂದೊಂದು ಮಾತೂ ಅವರ ಕಿವಿಗೆ ಬಿದ್ದಿತ್ತು. ನಮಗೆ ಮನೆ ಉಳಿಯಬೇಕೆಂದು ಅವರು ಸಾಯುವ ದಿನ ಎಣಿಸುತ್ತಿದ್ದರು.

"ಅತ್ತೆ, ಅದೆಲ್ಲ ಯೋಚ್ನೆ ಮಾಡ್ಬೇಡಿ" ಎಂದೆ.

"ಇನ್ನೇನ್ ಕೆಲ್ಸ ಇದೆ ನಂಗೆ?" ಎಂದರು.

ಕಾರ್ತೀಕದಲ್ಲಿ ಅವರಿಗೆ ಮೇಲುಸಿರು ಶುರುವಾಯಿತು. ಡಾಕ್ಟರು ಬಂದು ನೋಡಿ, ಆಸ್ಪತ್ರೆಗೆ ಸೇರಿಸಿ ಪ್ರಯೋಜನವಿಲ್ಲ ಎಂದರು. ಆಗಲೇ ಪಂಚಕ ಹಿಡಿದಿತ್ತು. ನಾನು ತುಳಸಿ ಪೂಜೆಯನ್ನು ಹೇಗೆ ಮುಗಿಸಿದೆನೋ ಕಾಣೆ. ಅತ್ತೆ ಪ್ರತಿ ಬೆಳಿಗ್ಗೆ ಕೇಳುವರು, ಬೆರಳು ಮಡಚುವರು, ಎರಡು ಚಮಚ ನೀರು ಕುಡಿಯುವರು. ಅವರನ್ನು ಬದುಕಿಸಿದ್ದು ನೀರಲ್ಲ, ಆ ಲೆಕ್ಕ.

ಅಶ್ವಿನಿ ಬಂದ ಬೆಳಿಗ್ಗೆ ಮತ್ತೆ ಕೇಳಿದರು. ಪಂಚಕ ಮುಗಿದಿತ್ತು. ನಿಜ ಹೇಳಿದರೆ ಹೋಗಿಬಿಡುತ್ತಾರೆ ಎಂದು ನನ್ನ ಎದೆಗೆ ಗೊತ್ತಾಯಿತು.

"ಇವತ್ತೂ ರೇವತಿನೇ ಅತ್ತೆ" ಎಂದೆ.

ಮನೆಗಾಗಿ ಒಮ್ಮೆ ಸುಳ್ಳು ಹೇಳಿದ್ದೆ, ಆ ದಿನಕ್ಕಾಗಿ ಮತ್ತೊಮ್ಮೆ. ಆ ಒಂದು ದಿನ ನಮಗೆ ಸಿಕ್ಕಿತು. ಪೂಜೆಗೆ ತಂದಿದ್ದ ನೆಲ್ಲಿಕಾಯಿಯಲ್ಲಿ ತಂಬುಳಿ ಮಾಡಿ ನಾಲಿಗೆಗೆ ಹಚ್ಚಿದೆ, ಚಪ್ಪರಿಸಿದರು. ಯಜಮಾನರು ರಜೆ ಹಾಕಿ ಕಾಲು ಒತ್ತುತ್ತ ಕೂತರು. ಮೇಲಿನ ಹುಡುಗಿಯೊಬ್ಬಳು ಅವತ್ತು ಮನೆಯಲ್ಲಿದ್ದಳು. ತನ್ನ ಬಾಚಣಿಗೆ, ಎಣ್ಣೆ ತಂದು, ತಿಂಗಳುಗಳಿಂದ ಗಂಟುಗಟ್ಟಿದ್ದ ಅತ್ತೆಯ ತಲೆಗೂದಲನ್ನು ಒಂದು ಗಂಟೆ ಕೂತು ಬಿಡಿಸಿ, ಬೆರಳುಗಾತ್ರದ ಜಡೆ ಹೆಣೆದಳು. "ಅಜ್ಜಿ ಈಗ ಹೀರೋಯಿನ್!" ಎಂದಳು. ಅತ್ತೆಯ ಬಾಯಿ ಒಂದೇ ಕಡೆ ಅರಳಿತು.

ಮರುದಿನ ದೀಪ ಹಚ್ಚಿ ಬಂದಿದ್ದೆ. ಅವರು ಕೇಳಿದರು. ಎರಡನೇ ದಿನವೂ ಅದನ್ನೇ ಹೇಳಲು ನಾಲಿಗೆ ಏಳಲಿಲ್ಲ.

"ಭರಣಿ, ಅತ್ತೆ."

"ನಿನ್ನೆ ಅಶ್ವಿನೀನಾ ಹಾಗಾದ್ರೆ?"

ನಾನು ತಲೆ ತಗ್ಗಿಸಿದೆ. "ಕಳ್ಳಿ" ಎಂದರು. ಅದು ಅವರ ಕೊನೆಯ ಮಾತು. ಬೈದರೋ ಮುದ್ದಿಸಿದರೋ ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಹೋದರು.

ಮೆಟ್ಟಿಲು ಹತ್ತಲಾಗದ ಮಂಡಿ ಹಿಡಿದುಕೊಂಡು ಮನೆಯೊಡತಿ ಮೇಲೆ ಬಂದರು. ಅತ್ತೆಯ ಕಾಲಿನ ಹತ್ತಿರ ಕೂತರು. ನಾನು ಕಣ್ಣೊರೆಸಿಕೊಂಡು ಮೊದಲು ಹೇಳಿದ್ದು ಇದನ್ನೇ: "ಭರಣಿ ಅಮ್ಮ. ಪಂಚಕ ಮೊನ್ನೇನೇ ಮುಗಿದಿತ್ತು. ನಿಮ್ಮ ಮನೆಗೆ ಏನೂ ದೋಷ ಇಲ್ಲ."

"ಯಾರವ್ವ ಕೇಳಿದ್ರು ನಿನ್ನ?"

ನಾನು ಅತ್ತೆಯ ಬೆರಳ ಲೆಕ್ಕವನ್ನು ಹೇಳಿದೆ. ಆಕೆ ಅತ್ತೆಯ ಹೊದಿಕೆ ಸರಿಮಾಡಿದರು.

"ನನ್ ಗಂಡ ಪಂಚಕದಾಗೇ ಓಗಿದ್ದು, ಇದೇ ಮನ್ಯಾಗೆ. ಹಸಾ ಕರಾ ಕಟ್ಕಂಡು ನಾನೆಲ್ಲಿ ಓಗ್ಲಿ? ಶಾಂತಿ ಮಾಡ್ಸಿ ಇಲ್ಲೇ ಇವ್ನಿ. ಮಂಚ ಕಂಡ ದಿನಾನೇ ನಂಗೊತ್ತು ಈಯಮ್ಮ ಇಲ್ಲೇ ಓಗ್ತದೆ ಅಂತ. ಒಂದು ಮಾತು ಕೇಳ್ಬಾರ್ದಿತ್ತಾ? ನಾನೇ ಬಂದು ಅದರ ಕಿವಿಯಾಗೆ ಹೇಳ್ತಿರ್ನಿಲ್ವಾ, ನಿನಗೆ ಬೇಕಾದಾಗ ಓಗು ತಾಯಿ ಅಂತ?"

ಕೇಳಬಹುದಿತ್ತು. ಮಧ್ಯೆ ಇದ್ದದ್ದು ಹದಿನೆಂಟು ಮೆಟ್ಟಿಲು. ದಿನಾ ಹಾಲಿಗೆ ಇಳಿಯುತ್ತಿದ್ದೆ. ಬನಶಂಕರಿಯ ಯಜಮಾನರ ಪ್ರಶ್ನೆಯನ್ನು ಈಕೆಯ ಬಾಯಿಗೆ ನಾನೇ ಇಟ್ಟು, ಐದು ತಿಂಗಳು ಅದಕ್ಕೆ ಅತ್ತೆಯಿಂದ ಉತ್ತರ ಕೊಡಿಸಿದೆ. ಮಾಡಿದ ಸೇವೆಯನ್ನೆಲ್ಲ ಜನ ಹೊಗಳುತ್ತಾರೆ. ನನಗೆ ನೆನಪಾಗುವುದು ಇದು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಂಚ ಯಾರಿಗಾದರೂ ಕೊಟ್ಟುಬಿಡೋಣವೆಂದು ಯಜಮಾನರು ಬಿಚ್ಚಿ ಕೆಳಗೆ ಇಳಿಸುತ್ತಿದ್ದರು. ಮನೆಯೊಡತಿ ಹಸುವಿನ ಹತ್ತಿರದಿಂದಲೇ ಕೂಗಿದರು:

"ಅದೆಲ್ಲಿಗವ್ವ ಸಾಗಿಸ್ತಿದ್ದೀರ? ಇರ್ಲಿ ಬಿಡು ಕೊಟ್ಟಿಗೆ ಮೂಲೇಲಿ. ನಾಳೆ ನಂಗೂ ಬೇಕಾಯ್ತದೆ. ನೀನೇ ತಾನೇ ಮೇಲಿರೋಳು?"

"ಇರ್ತೀನಿ ಅಮ್ಮ" ಎಂದೆ.

"ಆದ್ರೆ ನಂಗೆ ನಕ್ಷತ್ರ ಗಿಕ್ಷತ್ರ ಹೇಳ್ಬೇಡ. ಹೊಟ್ಟೆಗೆ ಏನ್ ಮಾಡಿದ್ದೀಯ, ಅದ್ನ ಹೇಳು."

ಮಂಚದ ಮೇಲೆ ಹಳೆಯ ಸೀರೆ ಹೊದಿಸಿ ಮೇಲೆ ಬಂದೆ.